ನೆಡದೆ ಬಂದ ಗಿಡ

ಹಸಿರು ಕಂಡರೆ ಮುಖ ಸಿಂಡರಿಸುವ ಮನುಷ್ಯ ಚೆನ್ನೈಯಲ್ಲಿ ಒಬ್ಬರೇ ಇರುವುದು, ನನ್ನ ಸೋದರಮಾವ. ಇದು ಆರೋಪವಲ್ಲ. ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ದುಡಿದವಳು ನಾನು, ಖಚಿತಪಡಿಸಿಕೊಳ್ಳದೆ ಬರೆಯುವುದಿಲ್ಲ. ಅತ್ತೆಯನ್ನೂ ಕೇಳಿದೆ. "ಧಾರೆಗೆ ನಾನು ಉಟ್ಟದ್ದು ಹಸಿರು ಸೀರೆ. ಅದನ್ನೂ ಹಾಗೇ ನೋಡಿದ್ರು," ಎಂದರು.

ತ್ರಿಪ್ಲಿಕೇನಿನಲ್ಲಿ ಮೆಸ್ ನಡೆಸುವ ಉಡುಪಿ ಕಡೆಯ ಮನೆತನ. ಅಣ್ಣಂದಿರೆಲ್ಲ ದೋಸೆಕಲ್ಲು ಹಿಡಿದರೆ ಮಾವ ಸಸ್ಯಶಾಸ್ತ್ರ ಹಿಡಿದರು. ಗಣಿ ಅಗೆದು ಮುಗಿಸಿದವರು ಅಲ್ಲಿ ಮತ್ತೆ ಗಿಡ ನೆಡಬೇಕಷ್ಟೆ. ನೆಟ್ಟದ್ದು ನಿಜವಾಗಿ ಕಾಡಾಗುತ್ತಿದೆಯೋ, ಬರೀ ತೋರಿಕೆಯೋ ಎಂದು ನೋಡಿ ಹೇಳುವುದು ಮಾವನ ಕೆಲಸ. ನಿವೃತ್ತರಾದ ಮೇಲೂ ಅವರನ್ನು ಕರೆಯುತ್ತಾರೆ. ಯಾಕೆ ಕರೆಯುತ್ತಾರೋ!

ಅವರ ಆಯುಧ ಪ್ಲಾಸ್ಟಿಕ್ ಪೈಪಿನ ಚೌಕಟ್ಟು, ಮೀಟರ್ ಉದ್ದ, ಮೀಟರ್ ಅಗಲ. ಕಣ್ಣು ಮುಚ್ಚಿ, ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಾರೆ. ಬಿದ್ದಲ್ಲಿ ಮಂಡಿಯೂರಿ, ಚೌಕದೊಳಗಿನ ಗಿಡ ಎಣಿಸುತ್ತಾರೆ. ನೋಡಿ ಎಸೆದರೆ ಕೈ ಚಂದದ ಕಡೆಗೇ ಹೋಗುತ್ತದಂತೆ. ಒಮ್ಮೆ ಇದನ್ನು ಹಿಡಿದು ಬಸ್ಸು ಹತ್ತಿದಾಗ ಕಂಡಕ್ಟರ್ ಕೇಳಿದ, "ಎನ್ನ ಸಾರ್, ಜನ್ನಲಾ?" ಕಿಟಕಿಯಲ್ಲವೆಂದು ಮಾವ ಎರಡು ಸ್ಟಾಪಿನುದ್ದಕ್ಕೂ ತಮಿಳಿನಲ್ಲಿ ವಿವರಿಸಿದರು. ಅವನು ತಾಳ್ಮೆಯಿಂದ ಕೇಳಿ, ಗಾಜು ಎಲ್ಲಿ ಹಾಕಿಸುತ್ತೀರಿ ಎಂದ.

ಪೆರಂಬೂರಿನಲ್ಲಿ ನನ್ನ ತಂಗಿ ತಾರಸಿ ತೋಟ ಮಾಡಿದ್ದಳು. ಮಾವ ಎಲ್ಲ ಕುಂಡ ನೋಡಿದರು.

"ಇದರಲ್ಲಿ ನೀನು ನೆಡದೆ ಬಂದದ್ದು ಯಾವುದು?"

"ಅದೆಲ್ಲ ಕಳೆ, ಮಾವ. ಕಿತ್ತು ಬಿಸಾಕಿದೆ."

"ಪಾಸಾದದ್ದನ್ನೇ ಬಿಸಾಕಿದ್ದೀಯಲ್ಲ ಮಾರಾಯ್ತಿ."

ಒಬ್ಬ ಗಣಿ ಮ್ಯಾನೇಜರನಿಗೂ ಇದೇ ಗತಿ. ಮಾವ ನೆಲಕ್ಕೆ ಮೂಗು ತಾಗಿಸಿ ಮಲಗಿದ್ದಾಗ ಆತ, "ಸಾರ್, ಮೇಲೆ ನೋಡಿ, ಮರ ಎಷ್ಟೆತ್ತರ!" ಎಂದನಂತೆ. "ನೆಟ್ಟದ್ದು ನೀವು. ಟ್ಯಾಂಕರಲ್ಲಿ ನೀರು ಕೊಟ್ಟದ್ದು ನೀವು. ಇದರಲ್ಲಿ ನೆಲದ ಕೆಲಸ ಎಂತದ್ದು?" ಎಂದರು ಮಾವ. ಆ ದಿನ ತರಿಸಿದ್ದ ಎಳನೀರು ಜೀಪಿನಲ್ಲೇ ಉಳಿಯಿತು.

ಪೋರೂರಿನ ಆಚೆ ಒಂದು ಹಳೆಯ ಕಲ್ಲುಕ್ವಾರಿ ಇದೆ. ಅದರ ಇಳಿಜಾರಿನಲ್ಲಿ ಮಾವ ಆರು ವರ್ಷ ತಾವೇ ಗಿಡ ನೆಟ್ಟು ಸಾಕಿದ್ದರು. ಕಳೆದ ತಿಂಗಳು ಅದಕ್ಕೂ ಪರೀಕ್ಷೆ ಬಂತು. ಪಾಸಾದರೆ ಎಲ್ಲ ಹಾಗೇ ಉಳಿಯುತ್ತದೆ. ಫೇಲಾದರೆ ಬುಲ್ಡೋಜರ್ ಬಂದು ಸಮ ಮಾಡುತ್ತದೆ, ಬೇರೆಯವರು ಮೊದಲಿನಿಂದ ನೆಡುತ್ತಾರೆ. ಅಳೆಯುವವರು ಯಾರು? ಪರೀಕ್ಷೆಯ ಸಮಿತಿಯವರು ಮಾವನನ್ನೇ ನೇಮಿಸಿದರು. ಇಷ್ಟು ನಿರ್ದಯಿ ಇನ್ನೊಬ್ಬರು ಸಿಗಲಿಲ್ಲವಂತೆ.

ಹತ್ತು ಎಸೆತ. ಐದು ಚೌಕಗಳಲ್ಲಾದರೂ ತಾನಾಗಿ ಹುಟ್ಟಿದ ಸಸಿ ಇರಬೇಕು. ಬರೆದುಕೊಳ್ಳಲು ನಾನು. ಒಂಬತ್ತು ಎಸೆತ ಮುಗಿದಾಗ ನಾಲ್ಕು ಸಿಕ್ಕಿತ್ತು.

ಹತ್ತನೆಯದು ಬರೀ ಜಲ್ಲಿಯ ಮೇಲೆ ಬಿತ್ತು. ಒಂದು ಗೇಣು ಆಚೆ, ನಾಲ್ಕೆಲೆಯ ಬೇವಿನ ಸಸಿ. ಮಾವ ಇನ್ನೂ ತಿರುಗಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಅಂಕಿಯನ್ನೂ ತಿರುಚದ ನಾನು ಚಪ್ಪಲಿಯ ತುದಿಯಿಂದ ಚೌಕಟ್ಟನ್ನು ಸಸಿ ಒಳಗೆ ಬರುವಂತೆ ತಳ್ಳಿದೆ.

ಅವರು ಬಂದು ಮಂಡಿಯೂರಿದರು. ಜಲ್ಲಿಯಲ್ಲಿ ಪೈಪು ಸರಿದ ಗೆರೆ ನೋಡಿದರು. ನನ್ನ ಚಪ್ಪಲಿ ನೋಡಿದರು.

"ಇವತ್ತು ಗಾಳಿ ಜೋರುಂಟಲ್ಲ?"

"ಹೌದು ಮಾವ."

ಚೌಕಟ್ಟನ್ನು ಮೆಲ್ಲಗೆ ಎಳೆದು ಬಿದ್ದಲ್ಲೇ ಇಟ್ಟರು. "ಬರಿ. ಸೊನ್ನೆ."

ಬರೆದೆ. ಕೆಳಗೆ ಸಹಿ ಹಾಕಿದರು. ಇಳಿಜಾರನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. "ಹೋಗುವ," ಎಂದೆ. ಮಾವ ಏಳಲಿಲ್ಲ. ಊಟದ ಡಬ್ಬಿ ತೆರೆದು, ಉಳಿದಿದ್ದ ಮೊಸರನ್ನ ಮುಗಿಸಿ, ಡಬ್ಬಿ ಚಮಚ ತೊಳೆದು, ಅದೇ ಚಮಚದಿಂದ ಬೇವಿನ ಸಸಿಯ ಸುತ್ತ ಅಗೆಯತೊಡಗಿದರು. ಬೇರು ಜಲ್ಲಿಯನ್ನು ಬಿಗಿಯಾಗಿ ಹಿಡಿದಿತ್ತು. ಆ ಕಲ್ಲುಗಳ ಸಮೇತ ಎತ್ತಿ ಡಬ್ಬಿಯಲ್ಲಿಟ್ಟರು.

ಆಟೋದಲ್ಲಿ ಡಬ್ಬಿ ಅವರ ಮಡಿಲಲ್ಲಿತ್ತು. ಚಕ್ರ ಗುಂಡಿಗೆ ಇಳಿದಾಗಲೆಲ್ಲ ಎಲೆಗಳಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಪೋರೂರು ದಾಟಿದ ಮೇಲೆ ಡ್ರೈವರಿಗೆ ತಮಿಳಿನಲ್ಲಿ, ಮೆಲ್ಲಗೆ ಹೋಗಪ್ಪ, ಮಗು ಇದೆ ಎಂದರು.

ಅವನು ಕನ್ನಡಿಯಲ್ಲಿ ನೋಡಿದ. ಏನೂ ಕೇಳದೆ ವೇಗ ಇಳಿಸಿದ.