ಮೂರು ಸಲ ಕರೆದರೆ ಬರುವ ಮೃಗ

ಸೊಸೆ ಮೃಗಗಳನ್ನು ಹುಟ್ಟಿಸಿ ಸಂಬಳ ತರುತ್ತಾಳೆ ಎಂಬ ಮಾತನ್ನು ಮೆಟ್ಟಿಲಜ್ಜಿ ಯಾರ ಮುಂದೆಯೂ ಹೇಳುತ್ತಿರಲಿಲ್ಲ. (ಹುಟ್ಟಿಸುವುದು ಕಂಪ್ಯೂಟರಿನಲ್ಲಿ; ಗಾಬರಿಯಾಗಬೇಡಿ.) ಜನ ಫೋನಿನೊಳಗೇ ಕಾಡುಮೇಡು ಅಲೆದು ಈ ಮೃಗಗಳನ್ನು ಹಿಡಿಯುತ್ತಾರಂತೆ, ಡಬ್ಬಿಗೆ ತುಂಬಿಕೊಳ್ಳುತ್ತಾರಂತೆ, ಆಮೇಲೆ ಒಂದರ ಮೇಲೊಂದನ್ನು ಛೂ ಬಿಟ್ಟು ಕಾದಾಡಿಸುತ್ತಾರಂತೆ. ಅದಕ್ಕೆ ಆಟ ಎಂದು ಹೆಸರು. ಕೈಕಾಲು ಗಟ್ಟಿಯಿರುವವರು ಕೂತಲ್ಲೇ ಕೂತು ಇಲ್ಲದ ಪ್ರಾಣಿ ಹಿಡಿಯುವುದೆಂದರೇನು, ಅದಕ್ಕೆ ಇನ್ನೊಬ್ಬರು ಕೂತಲ್ಲೇ ಕೂತು ಮೃಗ ಬರೆದು ಕೊಡುವುದೆಂದರೇನು!

ಅಜ್ಜಿಯ ನಿಜವಾದ ದೂರು ಊಟದ ಮೇಜಿನದು. ಆ ಮೇಜು ಈಗ ಸೊಸೆಯ ಕಂಪ್ಯೂಟರಿನ ವಶ. ಅಜ್ಜಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿಗೆ ಹಲ್ಲು ಕಿರಿಯುವ ಯಾವುದೋ ಒಂದರ ಮುಖ ನೋಡುತ್ತ ತುತ್ತು ನುಂಗಬೇಕು. ಇದನ್ನು ಮಗನಿಗೆ ಹೇಳಿದರೆ ಅವನು, "ಆಫೀಸಿನ ವಿಷಯ ಅಮ್ಮ, ನನಗೇನು ಗೊತ್ತಾಗುತ್ತೆ?" ಎಂದು ಜಾರಿಕೊಳ್ಳುತ್ತಾನೆ. ಅವನು ಲಿಫ್ಟ್ ರಿಪೇರಿ ಮಾಡುವವನು. ಊರಿನ ಲಿಫ್ಟುಗಳನ್ನೆಲ್ಲ ಏರಿಸಿ ಇಳಿಸುವ ಆ ಮಹಾಶಯ ತಾನಿರುವ ಕಟ್ಟಡದ ಲಿಫ್ಟನ್ನು ಮಾತ್ರ ಮುಟ್ಟಿಲ್ಲ. ಹಾಗಾಗಿ ಎಲ್ಲರೂ ಮೆಟ್ಟಿಲು ಹತ್ತಬೇಕು, ಹತ್ತುವವರೆಲ್ಲ ಅಜ್ಜಿಯನ್ನು ದಾಟಿ ಹೋಗಬೇಕು. ಕೆಳಗಿನ ಮೆಟ್ಟಿಲ ಮೇಲೆ ಕೂತ ಅಜ್ಜಿ, ಎಲ್ಲಿಗೆ ಹೋಗಿದ್ದಿರಿ, ಚೀಲದಲ್ಲೇನು, ಮುಖ ಯಾಕೆ ಸಪ್ಪಗಿದೆ ಎಂದು ವಿಚಾರಿಸದೆ ಯಾರನ್ನೂ ಮೇಲೆ ಬಿಟ್ಟವಳಲ್ಲ. ಮೆಟ್ಟಿಲಜ್ಜಿ ಎಂಬ ಬಿರುದು ಬಂದದ್ದು ಹಾಗೆ.

ಒಂದು ದಿನ ಸೊಸೆ ಮೇಜಿಗೆ ತಲೆಯಿಟ್ಟುಕೊಂಡು ಕೂತಿದ್ದಳು.

"ಏನಾಯ್ತೇ?"

"ಬಾಸ್ ನನ್ನ ಮೃಗಗಳನ್ನೆಲ್ಲ ಬೇಡ ಅಂದುಬಿಟ್ರು ಅತ್ತೆ. ಹಿಡಿದವರು ಡಬ್ಬಿಗೆ ಹಾಕಿ ಮರೆತೇಬಿಡ್ತಾರಂತೆ. ಶುಕ್ರವಾರದೊಳಗೆ ಮರೆಯೋಕಾಗದಂಥ ಒಂದು ಪ್ರಾಣಿ ತೋರಿಸದಿದ್ರೆ ನನ್ನ ಕೆಲಸ ಬೇರೆಯವರಿಗೆ ಕೊಡ್ತಾರಂತೆ."

ಅಜ್ಜಿ ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗಿಸಿದಳು.

"ಇದೇನು ಮಾಡುತ್ತೆ?"

"ಬೆಂಕಿ ಉಗುಳುತ್ತೆ."

"ಅದು?"

"ನೀರು ಉಗುಳುತ್ತೆ."

"ಮೂಲೇಲಿ ಮುದುರಿಕೊಂಡಿದೆಯಲ್ಲ, ಅದು?"

"ಅದು... ಮಿಂಚು ಉಗುಳುತ್ತೆ."

"ಎಲ್ಲಾ ಉಗುಳೋವೇ ಆದ್ವಲ್ಲೇ! ನೆಲ ಒರೆಸೋರು ಯಾರು? ಹೋಗ್ಲಿ, ಹಿಡಿಯೋದು ಹೇಗೆ?"

"ಡಬ್ಬಿ ಎಸೆದ್ರೆ ಒಳಗೆ ಹೋಗುತ್ತೆ."

"ಎಸೆದ ತಕ್ಷಣ? ಒಂದು ಮಾತೂ ಆಡದೆ? ಮಾನ ಮರ್ಯಾದೆ ಇರೋ ಯಾವ ಪ್ರಾಣಿ ಹಾಗೆ ಹೋಗುತ್ತೆ? ಅದಕ್ಕೇ ಮರೀತಾರೆ. ಹೇಳಿದಂತೆ ಕೇಳೋರನ್ನ ಯಾರು ನೆನಪಿಟ್ಟುಕೊಳ್ತಾರೆ ಹೇಳು? ನಿನ್ನ ಮಾವನ ಕಡೆ ಅಷ್ಟೊಂದು ಜನ ಇದ್ರು. ಒಳ್ಳೆಯವರ ಮುಖ ಒಂದೂ ನೆನಪಿಲ್ಲ. ಆದರೆ ಬೇಡಮ್ಮನ್ನ ಮರೆತಿದ್ದೀನಾ?"

ಬೇಡಮ್ಮ ಎಂದರೆ ಅಜ್ಜಿಯ ನಾದಿನಿ, ತೀರಿಹೋದ ಗಂಡನ ತಂಗಿ. ಆ ಹೆಸರು ಅಜ್ಜಿ ಇಟ್ಟದ್ದು, ಬೇಡಮ್ಮನಿಗೆ ಮಾತ್ರ ಗೊತ್ತಿಲ್ಲ. ಏನು ಕೊಟ್ಟರೂ ಅವಳು ಮೊದಲು 'ಬೇಡ' ಎನ್ನುತ್ತಾಳೆ. ಹಿಂದೊಮ್ಮೆ ಈ ಮನೆಗೆ ಬಂದಾಗ ಕುರ್ಚಿ ಬೇಡ ಎಂದು ನಿಂತೇ ಇದ್ದಳು. ಮೂರು ಸಲ ಉಪಚಾರ ಮಾಡಿ ಕೂರಿಸಿದ ಮೇಲೆ ಊರಿಗೆ ಹೊರಡುವ ತನಕ ಆ ಕುರ್ಚಿ ಬಿಡಲಿಲ್ಲ. ಹಣ್ಣು ಬೇಡ ಎಂದಳು. ಮೂರನೆಯ ಉಪಚಾರಕ್ಕೆ ತಟ್ಟೆಯಲ್ಲಿ ಬೀಜ ಮಾತ್ರ ಉಳಿದಿತ್ತು.

ಅಜ್ಜಿಗೆ ಹುರುಪು ಬಂತು. "ಬರಿ. ಡಬ್ಬಿ ಎಸೆದ್ರೆ ನಿನ್ನ ಪ್ರಾಣಿ ಬರಬಾರದು. ಮುಖ ತಿರುಗಿಸಬೇಕು. ಮೂರು ಸಲ ಬಾ ಬಾ ಅಂತ ಕರೀಬೇಕು. ಎರಡಕ್ಕೇ ನಿಲ್ಲಿಸಿದ್ಯೋ, ಮುನಿಸಿಕೊಂಡು ಕಾಡಿಗೆ ಹೋಗುತ್ತೆ."

ಸೊಸೆ ತಲೆಯೆತ್ತಿದಳು. "ಒಳಗೆ ಬಂದ ಮೇಲೆ?"

"ಡಬ್ಬಿಯೊಳಗೆ ಗಾಳಿ ಬರಲ್ಲ ಅನ್ನಬೇಕು. ಜಗಳಕ್ಕೆ ಬೇರೆ ಮೃಗಾನ ಮೊದಲು ಕಳಿಸಿದ್ರೆ ಇದಕ್ಕೆ ತಲೆನೋವು ಬರಬೇಕು."

"ಇದು ಜಗಳ ಹೇಗೆ ಆಡುತ್ತೆ ಅತ್ತೆ? ಏನಾದ್ರೂ ಅಸ್ತ್ರ ಬೇಕಲ್ಲ."

"ಅಸ್ತ್ರ ಯಾಕೆ? ಎದುರಾಳಿ ಮುಂದೆ ನಿಂತು ನಿಟ್ಟುಸಿರು ಬಿಟ್ಟು, 'ಪರವಾಗಿಲ್ಲ ಬಿಡು, ನಾನೇನೂ ಅಂದುಕೊಳ್ಳೋದಿಲ್ಲ' ಅಂದ್ರೆ ಸಾಕು. ಎದುರಿಗಿರೋದು ಎಂಥ ಮೃಗ ಆದ್ರೂ ಅಲ್ಲೇ ಕುಸಿದು ಬೀಳುತ್ತೆ. ನಾನು ಎಷ್ಟು ಸಲ ಬಿದ್ದಿಲ್ಲ!"

ಸೊಸೆಯ ಬೆರಳುಗಳು ಓಡತೊಡಗಿದವು. ಆದರೆ ಅಜ್ಜಿ ಒಂದು ಷರತ್ತು ಹಾಕಿದಳು. ಬೇಡಮ್ಮನ ಸುಳಿವು ಎಲ್ಲೂ ಇರಕೂಡದು. ಗಂಡನ ಕಡೆಯಿಂದ ಈಗ ಉಳಿದಿರುವುದು ಅವಳೊಬ್ಬಳು. ಹಳೆಯ ಮನೆಯ ಮಾತಾಡಲು, ಆ ಮನುಷ್ಯನ ಗೊರಕೆ ನೆನೆದು ನಗಲು, ಆಗಾಗ ಜಗಳ ಕಾಯಲು ಅಜ್ಜಿಗೆ ಬೇರೆ ಯಾರಿದ್ದಾರೆ? ಅವಳು ಮುನಿದರೆ ಗತಿಯೇನು? ಆದ್ದರಿಂದ ಅಜ್ಜಿ ಪಕ್ಕದಲ್ಲೇ ಕೂತು ಸಾಕ್ಷ್ಯ ನಾಶ ಮಾಡಿಸಿದಳು. ಚೂಪು ಮೂಗು ಹೋಗಿ ಮೊಂಡಾಯಿತು. ಸಣಕಲು ಮೈ ಹೋಗಿ ಹಂಡೆಯ ಹೊಟ್ಟೆ ಬಂತು. ಆಮೆಯ ಚಿಪ್ಪು, ಗೂಬೆಯ ಕಣ್ಣು, ಮೊಲದ ಕಿವಿ. ಹೆತ್ತ ತಾಯಿ ಬಂದು ನೋಡಿದರೂ ಗುರುತು ಸಿಗದ ಹಾಗಾಯಿತು.

ಉಳಿದದ್ದು ದನಿ. ಸೊಸೆಯ ಹಳೆಯ ಮೃಗಗಳೆಲ್ಲ ಮನೆಯ ಸದ್ದಿನಲ್ಲೇ ಕೂಗುತ್ತಿದ್ದವು. ಬೆಂಕಿ ಉಗುಳುವುದಕ್ಕೆ ಮಿಕ್ಸಿಯ ಸದ್ದು, ಮಿಂಚು ಉಗುಳುವುದಕ್ಕೆ ಮಗನ ಗೊರಕೆ. (ತಂದೆಯ ಆಸ್ತಿಯಲ್ಲಿ ಅವನಿಗೆ ಬಂದದ್ದು ಅದೊಂದೇ.) ಈ ಮೃಗಕ್ಕೆ ಮಾತೇ ಬೇಕಿತ್ತು.

"ಚಿಕ್ಕತ್ತೆ ಹೇಗೆ ಹೇಳ್ತಾರೋ ಹಾಗೇ ಹೇಳಿ ಅತ್ತೆ," ಎಂದಳು ಸೊಸೆ. (ಬೇಡಮ್ಮ ಅವಳಿಗೆ ಚಿಕ್ಕತ್ತೆ.)

ಅವಳು ದನಿ ಹಿಡಿಯುವುದು ಬಟ್ಟೆಯ ಬೀರುವಿನೊಳಗೆ. ಬಟ್ಟೆಗಳ ನಡುವೆ ಸದ್ದು ಮಾರ್ದನಿ ಕೊಡುವುದಿಲ್ಲವಂತೆ. ಅಜ್ಜಿ ಮಗನ ಪ್ಯಾಂಟುಗಳ ಕೆಳಗೆ ಮೋಟುಸ್ಟೂಲು ಹಾಕಿಕೊಂಡು ಕೂತಳು. ಬೇಡಮ್ಮನನ್ನು ಮೈಮೇಲೆ ಆವಾಹಿಸಿಕೊಂಡವಳಂತೆ ಕತ್ತು ಓರೆ ಮಾಡಿದಳು, ರಾಗ ಎಳೆದಳು: "ಬೇಡಪ್ಪಾ, ಬೇಡ. ನಾನಿಲ್ಲೇ ಆರಾಮಾಗಿದ್ದೀನಿ." ಎಷ್ಟು ಚೆನ್ನಾಗಿ ಬಂತೆಂದರೆ ಅಜ್ಜಿಗೆ ತನ್ನ ಮೇಲೆ ತನಗೇ ಭಕ್ತಿ ಹುಟ್ಟಿತು.

ಶುಕ್ರವಾರ ಬಂತು. ಜೊತೆಗೆ ಬೇಡಮ್ಮನೂ ಬಂದಳು.

ಕಣ್ಣಿನ ಡಾಕ್ಟರಿಗೆ ತೋರಿಸಲು ಬಂದವಳು, ಹಾಗೇ ಅತ್ತಿಗೆಯನ್ನು ನೋಡಿಕೊಂಡು ಹೋಗೋಣವೆಂದು ಹೊಸ ಕನ್ನಡಕದ ಸಮೇತ ಬಾಗಿಲಲ್ಲಿ ನಿಂತಿದ್ದಳು. ಮೇಜಿನ ಮೇಲೆ ಕಂಪ್ಯೂಟರಿನ ಪರದೆಯಲ್ಲಿ, ಮೃಗ ನೋಡಲು ಕರೆ ಮಾಡಿದ ಬಾಸಿನ ಮುಖ ಆಗಲೇ ಮೂಡಿತ್ತು.

"ಒಳಗೆ ಕೋಣೆಗೆ ಹೋಗೋಣ ಬಾರೇ, ಇಲ್ಲಿ ಸೆಕೆ," ಎಂದಳು ಅಜ್ಜಿ, ಮೇಜಿಗೆ ಅಡ್ಡ ನಿಂತು.

"ಬೇಡ ಅತ್ತಿಗೆ, ಇಲ್ಲೇ ಆರಾಮಾಗಿದೆ."

"ಫ್ಯಾನ್ ಹಾಕ್ತೀನಿ, ಬಾ."

"ಬೇಡ ಬೇಡ."

ಮೂರನೆಯ ಸಲ ಕರೆಯಲು ಅಜ್ಜಿ ಬಾಯಿ ತೆರೆದಳು; ಅಷ್ಟರಲ್ಲಿ ಸೊಸೆ ಆಟ ಶುರು ಮಾಡಿಬಿಟ್ಟಳು. ಪರದೆಯ ಮೇಲೆ ಆಮೆಚಿಪ್ಪಿನ, ಮೊಲಕಿವಿಯ ಮೃಗ ಪೊದೆಯಿಂದ ಹೊರಬಂತು. ಡಬ್ಬಿ ಹಾರಿತು. ಮೃಗ ಕತ್ತು ಓರೆ ಮಾಡಿ ಮುಖ ತಿರುಗಿಸಿ ಹೇಳಿತು: "ಬೇಡಪ್ಪಾ, ಬೇಡ. ನಾನಿಲ್ಲೇ ಆರಾಮಾಗಿದ್ದೀನಿ."

ಅಜ್ಜಿ ಕಣ್ಣು ಮುಚ್ಚಿಕೊಂಡಳು. ಮುಗಿಯಿತು. ಗಂಡನ ಕಡೆಯ ಕೊನೆಯ ಕೊಂಡಿಯೂ ಕಳಚಿತು.

ಕೇಳಿಸಿದ್ದು ನಗು. ಬೇಡಮ್ಮ ಹೊಸ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದಳು.

"ಅಯ್ಯೋ ಅತ್ತಿಗೇ! ಇದು ನೀವೇ ಅಲ್ವಾ! ಅದೇ ದನಿ, ಅದೇ ರಾಗ! ನಿಮ್ಮ ಸೊಸೆ ನಿಮ್ಮನ್ನ ಇದ್ದಂಗೇ ಇಳಿಸಿಬಿಟ್ಟಿದ್ದಾಳಲ್ಲ!"

"ನಾನಲ್ಲ ಕಣೇ, ಅದು..." ಎಂದ ಅಜ್ಜಿ ಅಲ್ಲಿಗೇ ನಿಂತಳು. ನಾನಲ್ಲ ಎಂದರೆ ಮತ್ತೆ ಯಾರು? ಮೂಗು ಬದಲಿಸಿದ್ದಳು, ಹೊಟ್ಟೆ ಬದಲಿಸಿದ್ದಳು. ದನಿ ಮಾತ್ರ ತನ್ನ ಗಂಟಲಿನದು ಎಂಬುದು ಬೀರುವಿನೊಳಗೆ ಹೊಳೆದೇ ಇರಲಿಲ್ಲ. ಒಂದು ಕಡೆ ಸೊಸೆ ಕೈಮುಗಿಯುವ ಕಣ್ಣಿನಲ್ಲಿ ನೋಡುತ್ತಿದ್ದಾಳೆ. ಇನ್ನೊಂದು ಕಡೆ ಬೇಡಮ್ಮ.

"ಹೂಂ," ಎಂದಳು. "ನಾನೇ."

ಪರದೆಯೊಳಗಿಂದ ಬಾಸ್ ಕೇಳಿದರು, "ಬಹಳ ಚೆನ್ನಾಗಿದೆ! ಇಂಥ ಪ್ರಾಣಿ ನಿಮಗೆಲ್ಲಿ ಸಿಕ್ತು?"

"ಇಲ್ಲೇ ಸರ್, ನಮ್ಮನೇಲೇ ಇದೆ," ಎಂದು ಬೇಡಮ್ಮ ಮುಖ ತೂರಿಸಿದಳು. "ತಲೆಗೂದಲು ಕಪ್ಪಿದ್ದಾಗಿಂದ ನೋಡಿದ್ದೀನಿ. ನೀವೀಗ ನೋಡಿದ್ದು ಏನೂ ಅಲ್ಲ. ದಾರೀಲಿ ಅಡ್ಡ ಕೂತುಬಿಡುತ್ತೆ. ಎಲ್ಲಿಗೆ ಹೊರಟ್ರಿ, ಚೀಲದಲ್ಲೇನು ಅಂತ ಕೇಳಿ ಉತ್ತರ ಸಿಗೋ ತನಕ ಬಿಡಲ್ಲ."

"ಅದ್ಭುತ! ಆಟದಲ್ಲಿ ಮೃಗ ದೊಡ್ಡದಾಗಿ ಬೆಳೆದ ಮೇಲೆ ಹಾಗೆ ಮಾಡಲಿ. ಮುಂದೆ?"

ಮುಂದೆಯೂ ಹೇಳಿದಳು. ಹೇಳುತ್ತಲೇ ಇದ್ದಳು. ಕರೆ ಮುಗಿಯುವಷ್ಟರಲ್ಲಿ ಮೃಗದೊಳಗೆ ಬೇಡಮ್ಮನ ಪಾಲು ಕರಗಿ ಹೋಗಿ, ನಖಶಿಖಾಂತ ಅಜ್ಜಿಯೇ ನಿಂತಿದ್ದಳು. ಸೊಸೆಯ ಕೆಲಸ ಉಳಿಯಿತು.

ಅಜ್ಜಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಅತ್ತೆ, ಊಟಕ್ಕೆ ಬನ್ನಿ!" ಸೊಸೆಯ ದನಿ ಹಾಡಿನಂತಿತ್ತು.

"ನನಗೆ ಹಸಿವಿಲ್ಲ."

ಸ್ವಲ್ಪ ಹೊತ್ತಾದ ಮೇಲೆ ಮಗ ಬಾಗಿಲು ತಟ್ಟಿದ. "ಅಮ್ಮ, ಏಳು, ಆರಿಹೋಗುತ್ತೆ."

"ಬೇಡ ಅಂದೆನಲ್ಲೋ."

ಆಮೇಲೆ ಸದ್ದಿಲ್ಲ. ಅಜ್ಜಿ ಕಿವಿ ನಿಮಿರಿಸಿಕೊಂಡು ಮೂರನೆಯ ಕರೆಗೆ ಕಾದಳು. ಕಾಯುತ್ತ ಕಾಯುತ್ತ ತಾನು ಏನು ಮಾಡುತ್ತಿದ್ದೇನೆಂದು ಥಟ್ಟನೆ ಹೊಳೆಯಿತು. ಮೂರನೆಯ ಸಲ ಕರೆದ ಮೇಲೆ ಹೋದರೆ ತಾನು ಮೃಗವೆಂದು ಒಪ್ಪಿದಂತೆ. ಹೋಗದಿದ್ದರೆ ಮುನಿಸಿಕೊಂಡು ಕಾಡಿಗೆ ಹೋದ ಮೃಗವೆಂದು ಒಪ್ಪಿದಂತೆ. ಉಳಿದ ದಾರಿ ಒಂದೇ: ಯಾರೂ ಕರೆಯದೆ, ನಗುನಗುತ್ತ ತಾನಾಗಿ ಹೋಗುವುದು. ಹೊಟ್ಟೆಯೂ ಈ ವಾದವನ್ನು ಎತ್ತಿಹಿಡಿಯಿತು.

ಬಾಗಿಲು ತೆರೆದು ನೋಡಿದರೆ ಎಷ್ಟೋ ದಿನದ ಮೇಲೆ ಊಟದ ಮೇಜಿನ ಮೇಲೆ ಊಟವಿತ್ತು. ಇತ್ತು ಎನ್ನುವುದಕ್ಕಿಂತ, ಇದ್ದ ಗುರುತಿತ್ತು. ಅಜ್ಜಿಯ ಕುರ್ಚಿಯಲ್ಲಿ ಬೇಡಮ್ಮ ಬೆರಳು ನೆಕ್ಕುತ್ತ ಕೂತಿದ್ದಳು.

"ಅಯ್ಯೋ ಅತ್ತಿಗೆ, ನಿಮಗೆ ಹಸಿವಿಲ್ಲ ಅಂದ್ರಲ್ಲ! ನಾನು ಬೇಡ ಬೇಡ ಅಂದೆ. ಇವರಿಬ್ಬರೂ ಬಿಡಲೇ ಇಲ್ಲ. ನಿಮ್ಮ ಪಾಲನ್ನೂ ಬಡಿಸಿಬಿಟ್ರು."

ಅಜ್ಜಿ ಖಾಲಿ ಪಾತ್ರೆಯನ್ನು ನೋಡಿದಳು. ಬೇಡಮ್ಮನ ಮುಖ ನೋಡಿದಳು. ತಡೆಯುವ ಮೊದಲೇ ಒಂದು ನಿಟ್ಟುಸಿರು ಹೊರಬಿತ್ತು.

"ಪರವಾಗಿಲ್ಲ ಬಿಡು," ಎಂದಳು. "ನಾನೇನೂ ಅಂದುಕೊಳ್ಳೋದಿಲ್ಲ."

ಆಟದಲ್ಲಾದರೆ ಎದುರಾಳಿ ಕುಸಿದು ಬೀಳಬೇಕು. ಇಲ್ಲಿಯೂ ಬಿದ್ದರು, ಒಬ್ಬರಲ್ಲ, ಮೂವರೂ. ಮಗ ಗೋಡೆಗೆ, ಬೇಡಮ್ಮ ಮೇಜಿಗೆ, ಸೊಸೆ ಬೇಡಮ್ಮನ ಬೆನ್ನಿಗೆ. ನಗು ನಿಲ್ಲುವ ಹೊತ್ತಿಗೆ ಸೊಸೆ ಬೀರುವಿನ ಬಾಗಿಲು ತೆರೆದಿದ್ದಳು.

"ಅತ್ತೆ, ಇದು ಮೊನ್ನೆಗಿಂತ ಚೆನ್ನಾಗಿ ಬಂತು. ಒಂದೇ ಒಂದು ಸಲ ಇದರೊಳಗೆ ಕೂತು ಹೇಳಿಬಿಡಿ. ಆಮೇಲೆ ಬಿಸಿಬಿಸಿಯಾಗಿ ಮಾಡಿ ಹಾಕ್ತೀನಿ."

"ಹೋಗೇ, ನಾನೊಲ್ಲೆ."

"ಬನ್ನಿ ಅತ್ತೆ."

"ಬೇಡ ಅಂದ್ರೆ ಬೇಡ."

"ಬನ್ನಿ ಅತ್ತಿಗೆ, ನಾನು ಹೇಳ್ತಾ ಇದ್ದೀನಿ," ಎಂದಳು ಬೇಡಮ್ಮ.

ಸ್ವಲ್ಪ ಹೊತ್ತಿನಲ್ಲೇ ಮಗನ ಪ್ಯಾಂಟುಗಳ ಕೆಳಗಿನ ಮೋಟುಸ್ಟೂಲಿನಿಂದ ಗೊಣಗುವ ದನಿ ಕೇಳಿಸಿತು:

"ಇದರೊಳಗೆ ಗಾಳಿಯೇ ಬರಲ್ಲ!"