ನಲವತ್ತೆಂಟು ಮಹಡಿಗೆ ಒಂದೇ ಅಚ್ಚು

ಹನ್ನೆರಡು ಮಹಡಿಯ ಕಟ್ಟಡ ಬೆಳಗಾಗುವಷ್ಟರಲ್ಲಿ ನಲವತ್ತೆಂಟು ಮಹಡಿಯದಾದದ್ದೇ ಮೆಲ್ಲಣ್ಣನ ಫಜೀತಿಗೆಲ್ಲ ಮೂಲ.

ಕಟ್ಟಡವೇನೂ ಬೆಳೆದಿರಲಿಲ್ಲ. ಗಿರಾಕಿಗಳು ಮನಸ್ಸು ಬದಲಾಯಿಸಿದ್ದರು, ಅಷ್ಟೆ. ಚಿಕ್ಕ ಕಟ್ಟಡ ಆಮೇಲಾಗಲಿ, ಮೊದಲು ದೊಡ್ಡದಕ್ಕೇ ಲಿಫ್ಟ್ ಕೂರಿಸೋಣ ಎಂದು ಒಂಬತ್ತು ಗಂಟೆಗೆ ಫೋನ್ ಮಾಡಿ ಹೇಳಿಬಿಟ್ಟರು.

ಮೆಲ್ಲಣ್ಣ ಕೆಲಸ ಮಾಡುತ್ತಿದ್ದುದು ಲಿಫ್ಟುಗಳಿಗೆ ಪ್ರೋಗ್ರಾಂ ಬರೆದುಕೊಡುವ ಸಣ್ಣ ಕಚೇರಿಯಲ್ಲಿ. ಮೆಲ್ಲಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹತ್ತೊಂಬತ್ತು ವರ್ಷದಿಂದ ಅವನು ಎರಡೇ ಬೆರಳಲ್ಲಿ, ಕೊಕ್ಕರೆ ಮೀನು ಹುಡುಕಿದಂತೆ ಟೈಪ್ ಮಾಡುವುದನ್ನು ಕಂಡ ಸಹೋದ್ಯೋಗಿಗಳು ಇಟ್ಟದ್ದು. ಗುಂಡಿ ಒತ್ತಿದರೆ ದೀಪ ಹತ್ತಬೇಕು, ಲಿಫ್ಟ್ ಬಂದು ನಿಲ್ಲಬೇಕು, ಬಾಗಿಲು ತೆರೆಯಬೇಕು, ಇದು ಎಷ್ಟನೇ ಮಹಡಿ ಎಂದು ಒಳಗಿನ ದನಿ ಹೇಳಬೇಕು. ಒಂದು ಮಹಡಿಗೆ ಇಪ್ಪತ್ತು ಸಾಲು. ಮುಂದಿನ ಮಹಡಿಗೂ ಅದೇ ಇಪ್ಪತ್ತು ಸಾಲು, ಅಂಕಿ ಮಾತ್ರ ಬೇರೆ. ಹನ್ನೆರಡು ಮಹಡಿ ಬರೆಯಲು ಅವನಿಗೆ ನಾಲ್ಕು ದಿನ ಹಿಡಿದಿತ್ತು. ಈಗ ಇನ್ನೂ ಮೂವತ್ತಾರು ಬಾಕಿ.

ಕಚೇರಿ ನಡೆಸುವ ಮೇಡಂ ಅವನ ಮೇಜಿನ ಹತ್ತಿರ ಬಂದು ನಿಂತರು. ಗಿರಾಕಿಗಳ ತಪಾಸಣೆಯವರು ಮಧ್ಯಾಹ್ನ ಬರುತ್ತಾರೆ, ನಾಲ್ಕು ಗಂಟೆಯೊಳಗೆ ಅವರ ಸಹಿ ಬೀಳದಿದ್ದರೆ ಕೆಲಸ ಬೇರೆ ಕಂಪನಿಯ ಪಾಲು ಎಂದರು. ಆಗುತ್ತದೆಯೇ ಎಂದು ಕೇಳಲಿಲ್ಲ. ಕೇಳಿದರೆ ಅವನು ಆಗುವುದಿಲ್ಲ ಎಂದಾನು ಎಂಬ ಹೆದರಿಕೆ ಅವರಿಗೆ.

ಬೇರೆ ದಿನವಾಗಿದ್ದರೆ ಮೆಲ್ಲಣ್ಣ ನಿಟ್ಟುಸಿರು ಬಿಟ್ಟು ಕೆಲಸಕ್ಕೆ ಕೂರುತ್ತಿದ್ದ. ಆದರೆ ಇವತ್ತು ನಾಲ್ಕೂವರೆಗೆ ಹೆಂಡತಿಯ ಡ್ರೈವಿಂಗ್ ಪರೀಕ್ಷೆ. ಎರಡು ಸಲ ನಪಾಸಾಗಿದ್ದಳು. ಎರಡೂ ಸಲ ಕಾರನ್ನು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಾಗಿಸಿದ್ದಳು, ಎರಡೂ ಸಲ ಇವನು ಕಚೇರಿಯಲ್ಲಿದ್ದ. ಬೆಳಿಗ್ಗೆ ಡಬ್ಬಿ ಕೈಗಿಡುತ್ತ ಅವಳು ಹೇಳಿದ್ದಳು: "ನೀವು ಬಂದು ಏನೂ ಮಾಡೋದು ಬೇಡ ಕಣ್ರೀ. ಮೈದಾನದ ಬೇಲಿ ಹತ್ರ ನಿಂತಿರಿ, ಸಾಕು. ನನಗೆ ಧೈರ್ಯ."

ಅವಳು ಹಾಗೆಲ್ಲ ಬಾಯಿಬಿಟ್ಟು ಕೇಳುವವಳಲ್ಲ. ಆ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಪಕ್ಕದ ಮೇಜಿನ ಸಹೋದ್ಯೋಗಿಗೆ ಕಚೇರಿಯಲ್ಲಿ ಸಲಹೆಗಾರ ಎಂದೇ ಹೆಸರು. ತನ್ನ ಪರದೆಗಿಂತ ಬೇರೆಯವರ ಪರದೆಯನ್ನೇ ಹೆಚ್ಚು ನೋಡುವವನು. ಅವನು ಕುರ್ಚಿಯನ್ನು ಉರುಳಿಸಿಕೊಂಡು ಬಂದು, "ಮೆಲ್ಲಣ್ಣ, ಮ್ಯಾಕ್ರೊ ಬರಿ," ಎಂದ.

ಇದುವರೆಗೆ ಅವನು ಕೊಟ್ಟ ಸಲಹೆಗಳಲ್ಲಿ ಇದೊಂದು ಚೆನ್ನಾಗಿತ್ತು. ಮ್ಯಾಕ್ರೊ ಎಂದರೆ ಅಚ್ಚು. ಇಪ್ಪತ್ತು ಸಾಲನ್ನು ಒಂದೇ ಸಲ ಬರೆದು, ಅಂಕಿ ಬರುವ ಕಡೆ ಜಾಗ ಬಿಡುವುದು. ಆಮೇಲೆ ಮಹಡಿ ಒಂದು, ಮಹಡಿ ಎರಡು ಎಂದು ನಲವತ್ತೆಂಟು ಪುಟ್ಟ ಸಾಲು ಬರೆದರೆ ಮುಗಿಯಿತು. ಪ್ರೋಗ್ರಾಂ ಸಿದ್ಧವಾಗುವ ಮೊದಲು ಕಂಪ್ಯೂಟರೇ ಆ ಅಚ್ಚಿನಿಂದ ನಲವತ್ತೆಂಟು ಪ್ರತಿ ಎರಕ ಹೊಯ್ದುಕೊಳ್ಳುತ್ತದೆ. ಹತ್ತೊಂಬತ್ತು ವರ್ಷದಿಂದ ಗೊತ್ತಿದ್ದ ವಿದ್ಯೆಯೇ. ಆದರೆ ಕೈಯಾರೆ ಬರೆದದ್ದರ ಮೇಲೆ ಮೆಲ್ಲಣ್ಣನಿಗೆ ಒಂದು ಥರದ ಮಮತೆ. ಇವತ್ತು ಆ ಮಮತೆಯನ್ನು ಪಕ್ಕಕ್ಕಿಟ್ಟ.

ಹನ್ನೊಂದಕ್ಕೆ ಅಚ್ಚು ಸಿದ್ಧವಾಯಿತು. ಪ್ರತಿ ಸಾಲಿನ ಕೊನೆಗೂ ಒಂದು ಓರೆಗೆರೆ ಹಾಕಿ, ಅಚ್ಚು ಇನ್ನೂ ಮುಗಿದಿಲ್ಲ ಎಂದು ಕಂಪ್ಯೂಟರಿಗೆ ತಿಳಿಸಬೇಕು. ಹಾಕಿದ. ನೀರು ಕುಡಿದು ಬಂದು ಚಾಲೂ ಮಾಡಿದರೆ ಪರದೆಯ ತುಂಬ ತಪ್ಪುಗಳ ಸಂತೆ. ಸಾಲುಗಳನ್ನು ಒಂದೊಂದಾಗಿ ಓದಿದ. ಎಲ್ಲವೂ ಸರಿ. ಎರಡನೇ ಸಲ ಓದಿದ. ಇನ್ನೂ ಸರಿ. ಒಂದೂವರೆ ಗಂಟೆ ಕಳೆದ ಮೇಲೆ ಓರೆಗೆರೆಯೊಂದರ ನಂತರ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸಿಕ್ಕಿತು. ಓರೆಗೆರೆಯ ನಂತರ ಏನೂ ಇರಕೂಡದು, ಖಾಲಿ ಜಾಗವೂ ಇರಕೂಡದು.

"ನೀನು ನೀರಿಗೆ ಹೋದಾಗ ನಾನೇ ಬಿಟ್ಟೆ," ಎಂದ ಸಲಹೆಗಾರ. "ಒತ್ತೊತ್ತಾಗಿ ಇತ್ತು. ಸ್ವಲ್ಪ ಜಾಗ ಇದ್ರೆ ಕಣ್ಣಿಗೆ ಹಿತ ಅಂತ."

ಮೆಲ್ಲಣ್ಣ ಆ ಜಾಗ ಅಳಿಸಿ, ಪ್ರೋಗ್ರಾಮನ್ನು ಪರೀಕ್ಷಾ ಕೋಣೆಗೆ ಕಳಿಸಿದ. ಕೋಪ ಬರಲೂ ಅವನಿಗೆ ಸಮಯ ಹಿಡಿಯುತ್ತಿತ್ತು.

ಪರೀಕ್ಷಾ ಕೋಣೆಯಲ್ಲಿ ಗೋಡೆಯುದ್ದದ ಹಲಗೆಯ ಮೇಲೆ ಗುಂಡಿಗಳೂ ದೀಪಗಳೂ ಇದ್ದವು. ಅಲ್ಲಿ ಪರೀಕ್ಷೆ ಮಾಡುವ ಅಕ್ಕ ಏಳನೇ ಗುಂಡಿ ಒತ್ತಿದರು. ದೀಪ ಹತ್ತಿತು, ಪುಟ್ಟ ಬಾಗಿಲು ತೆರೆಯಿತು, "ಹನ್ನೆರಡನೇ ಮಹಡಿ," ಎಂದಿತು ಒಳಗಿನ ದನಿ. ಮೂವತ್ತು ಒತ್ತಿದರೂ ಹನ್ನೆರಡು. ಒಂದು ಒತ್ತಿದರೂ ಹನ್ನೆರಡು. ಹಳೆಯ ಸಾಲುಗಳಿಂದ ನಕಲು ಮಾಡುವಾಗ ಒಂದು ಕಡೆ ಅಂಕಿ ಹಾಗೇ ಉಳಿದಿತ್ತು. ಕೈಯಲ್ಲಿ ಬರೆದಿದ್ದರೆ ಒಂದು ಮಹಡಿ ತಪ್ಪುತ್ತಿತ್ತು. ಅಚ್ಚಿನಲ್ಲಿ ನಲವತ್ತೆಂಟೂ ಒಮ್ಮತದಿಂದ ತಪ್ಪಿದವು. ಅಕ್ಕ ಕಚೇರಿಯವರನ್ನೆಲ್ಲ ಕರೆದರು, ಎಲ್ಲರೂ ಸರದಿಯಲ್ಲಿ ನಿಂತು ಒಂದೊಂದು ಗುಂಡಿ ಒತ್ತಿ ಹೊಟ್ಟೆ ಹಿಡಿದು ನಕ್ಕರು. ಮೆಲ್ಲಣ್ಣ ಹೋಗಿ ಒಂದೇ ಒಂದು ಅಂಕಿ ತಿದ್ದಿ ಬಂದ. ನಲವತ್ತೆಂಟೂ ಒಟ್ಟಿಗೆ ಸರಿಯಾದವು. ನಗುತ್ತಿದ್ದವರು ಸುಮ್ಮನಾದರು. ಅವನಿಗೂ ಒಳಗೊಳಗೇ ಖುಷಿಯಾಯಿತು.

ಆಗ ಗಂಟೆ ಎರಡೂವರೆ. ತಪಾಸಣೆಯವರು ಬಂದರು. ತಲೆ ಪೂರ್ತಿ ನೆರೆತ, ಗರಿಗರಿ ಅಂಗಿಯ ಮನುಷ್ಯ. ಕೈಯಲ್ಲಿ ಒಂದು ಅಡಿಪಟ್ಟಿ. ಮೆಲ್ಲಣ್ಣ ಕೊಟ್ಟ ಎರಡು ಹಾಳೆ ನೋಡಿ, ಉಳಿದದ್ದೆಲ್ಲಿ ಎಂದು ಕೇಳಿದರು. ಅಷ್ಟೇ ಎಂದಾಗ ಅಡಿಪಟ್ಟಿ ಕೆಳಗಿಟ್ಟರು.

"ಇದರಲ್ಲಿ ಜನ ಓಡಾಡ್ತಾರೆ. ಅಚ್ಚು ಗಿಚ್ಚು ನನಗೆ ಆಗೋದಿಲ್ಲ. ಒಂದೊಂದು ಮಹಡಿದೂ ಬಿಡಿಬಿಡಿಯಾಗಿ ಬರೆದಿರಬೇಕು. ಪಟ್ಟಿ ಇಟ್ಟು ಸಾಲು ಸಾಲು ಓದ್ತೀನಿ, ಆಮೇಲೇ ಸಹಿ."

ಮೇಡಂ ಮುಖ ಬಾಡಿತು. ಮೆಲ್ಲಣ್ಣ ಮೇಜಿಗೆ ಮರಳಿ ಕೂತ. ಎರಡು ಬೆರಳು ಮೇಲೆತ್ತಿದ, ಇಳಿಸಿದ. ಕಣ್ಣ ಮುಂದೆ ಬೇಲಿ ಬಂತು, ಅದರ ಹತ್ತಿರ ಯಾರೂ ಇರಲಿಲ್ಲ.

ಅವನು ಹಾಗೆ ಕೂತಿದ್ದಾಗಲೇ ಒಂದು ವಿಚಾರ ಹೊಳೆಯಿತು. ಕಂಪ್ಯೂಟರ್ ಹೇಗೂ ಅಚ್ಚಿನಿಂದ ನಲವತ್ತೆಂಟು ಪ್ರತಿ ತೆಗೆಯುತ್ತದೆ. ತೆಗೆದಾದ ಮೇಲೆ ಮುಂದಕ್ಕೆ ಹೋಗದೆ ಅಲ್ಲೇ ನಿಲ್ಲು, ತೆಗೆದದ್ದನ್ನು ತೋರಿಸು ಎಂದರಾಯಿತು. ಹೇಳಿದ. ತೋರಿಸಿತು. ಸಾಲುಗಳನ್ನು ಅಂದವಾಗಿ ಜೋಡಿಸುವ ಕೆಲಸವನ್ನೂ ಇನ್ನೊಂದು ಪ್ರೋಗ್ರಾಮಿಗೆ ಒಪ್ಪಿಸಿದ. ಒಂಬೈನೂರ ಅರವತ್ತು ಸಾಲು ಬಿಸಿಬಿಸಿಯಾಗಿ ಪ್ರಿಂಟರಿನಿಂದ ಇಳಿದವು.

ತಪಾಸಣೆಯವರು ಅಡಿಪಟ್ಟಿ ಇಟ್ಟು ಓದತೊಡಗಿದರು. ಹತ್ತನೇ ಮಹಡಿಯ ಹೊತ್ತಿಗೆ ತಲೆದೂಗಿದರು. ನಲವತ್ತಕ್ಕೆ ಬರುವಾಗ ಕನ್ನಡಕ ತೆಗೆದು ಒರೆಸಿಕೊಂಡರು. ಒಂದಕ್ಷರ ಆಚೀಚೆ ಇಲ್ಲ, ಇಷ್ಟು ತಾಳ್ಮೆಯಿಂದ ಬರೆಯುವವರು ಈಗಿನ ಕಾಲದಲ್ಲಿ ಎಲ್ಲಿದ್ದಾರೆ ಎಂದರು.

ಮೆಲ್ಲಣ್ಣನಿಗೆ ತಡೆಯಲಾಗಲಿಲ್ಲ. "ಸಾರ್, ಇದನ್ನ ಬರೆದದ್ದು ನಾನಲ್ಲ. ಕಂಪ್ಯೂಟರೇ ಬರೀತು."

ಅವರು ಅವನ ಹೆಗಲ ಮೇಲೆ ಕೈಯಿಟ್ಟು, "ಇದಕ್ಕೇ ವಿನಯ ಅನ್ನೋದು," ಎಂದು ಸಹಿ ಹಾಕಿದರು. ಗಂಟೆ ನಾಲ್ಕಕ್ಕೆ ಐದು ನಿಮಿಷ.

ಬಸ್ಸು ಸಿಗ್ನಲ್ಲಿಗೊಂದು ಸಲ ನಿಂತು, ಅವನು ಕೊನೆಯ ಅರ್ಧ ಮೈಲಿ ಓಡಿ, ಏದುಸಿರು ಬಿಡುತ್ತ ಮೈದಾನ ಮುಟ್ಟಿದಾಗ ಐದು ಗಂಟೆ. ಹೆಂಡತಿ ಮನೆಯ ಹಳೆಯ ಕಾರಿಗೆ ಒರಗಿ ನಿಂತಿದ್ದಳು. ಅವನಿಗೆ ಮುಖ ಎತ್ತಲಾಗಲಿಲ್ಲ.

"ಪಾಸಾದೆ ಕಣ್ರೀ," ಎಂದಳು.

ಅವನು ಥಟ್ಟನೆ ಮುಖ ಎತ್ತಿದ.

"ಬೇಲಿ ಹತ್ರ ನಿಮ್ಮ ಥರದ್ದೇ ತಿಳಿನೀಲಿ ಅಂಗಿ ಕಾಣಿಸ್ತು. ನೀವು ಬಂದ್ರಿ ಅಂದ್ಕೊಂಡೆ. ಹಿಂದಕ್ಕೆ ತೆಗೆದೆ, ಕಂಬಕ್ಕೆ ಒಂಚೂರೂ ತಾಗಲಿಲ್ಲ. ಇಳಿದ ಮೇಲೆ ಹತ್ರ ಹೋಗಿ ನಕ್ಕೆ, ನೋಡಿದ್ರೆ ಇನ್ಯಾರೋ. ಪಾಪ, ಅವರೂ ನಕ್ಕರು."

ಅವಳು ಸೆರಗಿನ ತುದಿಯಿಂದ ಅವನ ಹಣೆಯ ಬೆವರು ಒರೆಸಿದಳು. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಮೇಡಂ. ಆ ದನಿಯಲ್ಲಿ ಅಷ್ಟು ಸಂತೋಷವನ್ನು ಅವನು ಹತ್ತೊಂಬತ್ತು ವರ್ಷದಲ್ಲಿ ಕೇಳಿರಲಿಲ್ಲ. ತಪಾಸಣೆಯವರು ಮೆಚ್ಚಿ ತಮ್ಮ ಇನ್ನೊಂದು ಕಟ್ಟಡದ ಕೆಲಸವನ್ನೂ ಕೊಟ್ಟಿದ್ದಾರೆ. ತೊಂಬತ್ತೆರಡು ಮಹಡಿ. ಒಂದೇ ಷರತ್ತು, ಅದೇ ಮನುಷ್ಯ ಒಂದೊಂದು ಮಹಡಿಯನ್ನೂ ಕೈಯಾರೆ ಬರೆಯಬೇಕು.

"ಮೇಡಂ, ಅವರಿಗೆ ನಿಜ ಹೇಳಿಬಿಡೋಣ."

"ನೀವು ಹೇಳಿದ್ರಂತಲ್ಲ. ಅದಕ್ಕೇ ಅವರಿಗೆ ನಿಮ್ಮ ಮೇಲೆ ಗೌರವ ಇನ್ನೂ ಜಾಸ್ತಿಯಾಗಿದೆ. ನೀವು ಬರೆಯೋದನ್ನ ಪಕ್ಕದಲ್ಲೇ ಕೂತು ನೋಡ್ಬೇಕಂತೆ. ನಾಳೆಯಿಂದ ದಿನಾ ಬರ್ತಾರೆ. ಕುರ್ಚಿ ಹಾಕಿಸಿದ್ದೀನಿ."

ಮೆಲ್ಲಣ್ಣ ಫೋನನ್ನು ಜೇಬಿಗೆ ಹಾಕಿ ತನ್ನ ಎರಡು ಬೆರಳುಗಳನ್ನು ನೋಡಿಕೊಂಡ. ಹೆಂಡತಿ ಕಾರಿನೊಳಗೆ ಕೂತು ಪಕ್ಕದ ಬಾಗಿಲು ತೆರೆದಳು. ಏನಂತೆ ಎಂದು ಕೇಳಲಿಲ್ಲ. ಅವಳ ಮುಖದ ತುಂಬ ಬೇರೆಯೇ ಒಂದು ಉತ್ಸಾಹ.

"ನಾಳೆಯಿಂದ ದಿನಾ ಆಫೀಸಿಗೆ ನಾನೇ ಬಿಡ್ತೀನಿ," ಎಂದಳು. "ಎಷ್ಟೊತ್ತಿಗೆ ಹೊರಡ್ಬೇಕು?"

ಅವನು ತೊಂಬತ್ತೆರಡು ಮಹಡಿಯ ಲೆಕ್ಕ ಹಾಕಿದ.

"ಆರಕ್ಕೆ," ಎಂದ.