ಗುರುಲಿಂಗಪ್ಪನವರ ಮನೆಯ ರಾಜ್ಯಘಟನೆ

ಕೆಂಚವ್ವ: ಹಂಗಾರ ಆ ಅಮೇರಿಕಾದಾಗ ರಾಜಾ ಅನ್ನಾವನ ಇಲ್ಲಂತೀ?

ಗುರುಲಿಂಗಪ್ಪ: ಇಲ್ಲವ್ವಾ. ಇಂಗ್ಲೆಂಡಿನ ರಾಜಾನ ಕೂಡ ಜಗಳಾಡಿ ಬಿಡಿಸಿಕೊಂಡ ಮ್ಯಾಲೆ, ಮತ್ತೊಬ್ಬ ಬ್ಯಾಡಂತ ಗಟ್ಟಿ ಮಾಡಿದ್ರು. ಅಧಿಕಾರ ಒಬ್ಬರ ಕೈಯಾಗ ಇದ್ರ ಕೆಡತೈತಿ ಅಂತ ಮೂರು ಪಾಲು ಮಾಡ್ಯಾರ.

ಕೆಂಚವ್ವ: ಯಾಕ, ಅಣ್ಣತಮ್ಮರ ಹಂಗ ಬ್ಯಾರೆ ಆದ್ರೇನು?

ಅರಳೆಯ ವ್ಯಾಪಾರಿ ಗುರುಲಿಂಗಪ್ಪನವರು ಗೋಕಾಕಕ್ಕೆ ಹೋದಾಗ ಅಲ್ಲಿಯ ವಾಚನಾಲಯದಲ್ಲಿ ವಕೀಲರೊಬ್ಬರು ಅಮೇರಿಕೆಯ ರಾಜ್ಯಘಟನೆಯನ್ನು, ಎಂದರೆ ಸಂವಿಧಾನವನ್ನು, ಕುರಿತು ಮಾಡಿದ ಭಾಷಣವನ್ನು ಕೇಳಿ, ಅದನ್ನು ಮೂಡಲಗಿಯ ತಮ್ಮ ಮನೆಗೆ ಹೊತ್ತು ತಂದಿದ್ದರು. ಕಾರಣವಿಲ್ಲದೆ ತಂದಿರಲಿಲ್ಲ. ಹುಕ್ಕೇರಿಯಿಂದ ಬಂದ ಗೌರಕ್ಕ ಎಂಬವರು ಮಠದ ಪಡಸಾಲೆಯಲ್ಲಿ ಹೆಂಗಸರಿಗಾಗಿ ಸಂಜೆಯ ಶಾಲೆ ತೆರೆದಿದ್ದರು. ಹೆಂಡತಿ ಚನ್ನವ್ವ ಅಲ್ಲಿಗೆ ಹೋಗಿಯೇ ತೀರುವೆನೆಂದು ಹಟ ಹಿಡಿದಿದ್ದಳು. ನೇರವಾಗಿ ಬೇಡವೆನ್ನುವ ಧೈರ್ಯ ಅವರಿಗಿರಲಿಲ್ಲ. ಅಮೇರಿಕೆಯ ಕಡೆಯಿಂದ ಬೇಡವೆನ್ನಿಸುವುದು ಸುಲಭವೆಂದು ತೋರಿತು.

ಆದ್ದರಿಂದ ಮನೆಯ ಅಧಿಕಾರವನ್ನೂ ಹಾಗೆಯೇ ಮೂರು ಪಾಲು ಮಾಡಿ, ಕಾಯಿದೆ ಮಾಡುವ ಸಭೆಯ ಸ್ಥಾನವನ್ನು ಚನ್ನವ್ವನಿಗೂ, ನ್ಯಾಯಪೀಠವನ್ನು ತಾಯಿ ಕೆಂಚವ್ವನಿಗೂ ಕೊಟ್ಟು, ಕಾಯಿದೆಯನ್ನು ನಡೆಸುವ ಅಧ್ಯಕ್ಷ ಪದವಿಯನ್ನು ತಾವೇ ಇಟ್ಟುಕೊಂಡರು. ಸಭೆ ಮಾಡಿದ್ದನ್ನು ಅಧ್ಯಕ್ಷನು ತಡೆಯಬಲ್ಲನೆಂಬುದನ್ನು ಮತ್ತೆ ಮತ್ತೆ ಒತ್ತಿ ಹೇಳಿದರು.

ಚನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ಚನ್ನವ್ವ: ಸಭಾ ಅಂದ್ರ ನಾ ಒಬ್ಬಾಕೇನ್ರಿ?

ಗುರುಲಿಂಗಪ್ಪ: ಒಬ್ಬಾಕಿನ. ಮಂದಿ ಹೆಚ್ಚಾದ್ರ ಗದ್ದಲ.

ಚನ್ನವ್ವ: ಹಂಗಾರ ಮೊದಲನೇ ಕಾಯಿದೆ ಕೇಳ್ರಿ. ನಾಳಿಂದ ಚನ್ನವ್ವ ಸಂಜಿ ಸಾಲಿಗೆ ಹೋಗತಕ್ಕದ್ದು.

ಗುರುಲಿಂಗಪ್ಪ: ಅಧ್ಯಕ್ಷರು ತಡದಾರ.

ಚನ್ನವ್ವ: ತಡದ ಮ್ಯಾಲೆ ಅಲ್ಲಿ ಸಭಾದವರು ಏನ ಮಾಡ್ತಾರ್ರಿ? ಸುಮ್ಮನ ಮನಿಗೆ ಹೋಗ್ತಾರ?

ತಿಳಿದದ್ದನ್ನು ಹೇಳದೆ ಉಳಿಯುವುದು ಗುರುಲಿಂಗಪ್ಪನವರಿಗೆ ಹುಟ್ಟಿನಿಂದಲೇ ಅಸಾಧ್ಯವಾಗಿತ್ತು.

ಗುರುಲಿಂಗಪ್ಪ: ಹಂಗ ಹೋಗೂದಿಲ್ಲ. ಸಭಾದಾಗ ಮೂರರಾಗ ಎರಡು ಪಾಲು ಮಂದಿ ಮತ್ತ ಹೂಂ ಅಂದ್ರ ಅಧ್ಯಕ್ಷನ ತಡಿ ಬಿದ್ದು ಹೋಗತೈತಿ. ಆದ್ರ ಅಷ್ಟು ಮಂದಿ ಕೂಡೂದು ಭಾಳ ಕಠಿಣ.

ಚನ್ನವ್ವ: ನಾ ಮತ್ತ ಹೂಂ ಅಂತೇನಿ. ನನ್ನ ಸಭಾದಾಗ ಒಲ್ಲೆ ಅನ್ನಾವ್ರು ಯಾರೂ ಇಲ್ಲ.

ಗುರುಲಿಂಗಪ್ಪನವರು ರುಮಾಲು ತೆಗೆದು ತಲೆ ತುರಿಸಿ ಮತ್ತೆ ಸುತ್ತಿಕೊಂಡರು. ಇನ್ನೂ ನ್ಯಾಯಪೀಠವಿತ್ತು. ಮೂಲ ರಾಜ್ಯಘಟನೆಗೆ ಒಪ್ಪದ ಕಾಯಿದೆಯನ್ನು ಅದು ರದ್ದು ಮಾಡಬಹುದೆಂದು ತಾಯಿಗೆ ವಿವರಿಸಿದರು. ಬರೆಯುವ ಪಾಟಿ ಹಿಡಿದು ಹೊಸ್ತಿಲು ದಾಟಿದ ಹೆಣ್ಣುಮಗಳನ್ನು ಕೆಂಚವ್ವ ತನ್ನ ಕಾಲದಲ್ಲಿ ಕಂಡವಳಲ್ಲ. ಆ ಭರವಸೆಯಿಂದಲೇ ಆಕೆಯನ್ನು ಅಲ್ಲಿ ಕೂಡಿಸಿದ್ದರು.

ಕೆಂಚವ್ವ: ತೀರ್ಪು ಸೇರದಿದ್ರ ನೀ ನನ್ನ ತಗದ ಹಾಕ್ತಿ?

ಗುರುಲಿಂಗಪ್ಪ: ಅಧ್ಯಕ್ಷನಿಗೆ ಆ ಅಧಿಕಾರ ಇಲ್ಲವ್ವಾ. ನಡತಿ ಚಲೋ ಇರೋತನಕ ನೀನ.

ಕೆಂಚವ್ವ: ಹಂಗಾರ ಕುಂಡ್ರು. ಹೀರಿಕಾಯಿ ತಿಂದ್ರ ಮಂಡಿ ಹಿಡಿತಾವು ಅಂತ ಪತ್ರಿಕಾದಾಗ ಬಂದೈತಿ ಅಂದಿದ್ದೆಲ್ಲ, ಖರೆ ಬಂದಿತ್ತೇನು?

ಊರಿಗೆ ಬರುವ ಪತ್ರಿಕೆಯನ್ನು ಆ ಮನೆಯಲ್ಲಿ ಓದಬಲ್ಲವರು ಗುರುಲಿಂಗಪ್ಪನವರೊಬ್ಬರೇ. ಅವರಿಗೆ ಹೀರೇಕಾಯಿ ಸೇರದು. ಅವರು ಆ ಸುದ್ದಿಯನ್ನು ಗಟ್ಟಿಯಾಗಿ ಓದಿದ ದಿನದಿಂದ ಮುದುಕಿ ತನ್ನ ಪ್ರೀತಿಯ ಪಲ್ಯವನ್ನು ಬಿಟ್ಟಿದ್ದಳು. ಮಂಡಿನೋವು ಮಾತ್ರ ಬಿಟ್ಟಿರಲಿಲ್ಲ.

ಚನ್ನವ್ವನೂ ತನ್ನ ಫಿರ್ಯಾದಿಯನ್ನು ಮುಂದಿಟ್ಟಳು. ಪಂಚಮಿಗೆ ತವರಿಗೆ ಹೊರಟಾಗ, ಕೌಜಲಗಿಯ ದಾರಿಯನ್ನು ಹಳ್ಳ ಕೊಚ್ಚಿಕೊಂಡು ಹೋಗಿದೆಯೆಂದು ಅದೇ ಪತ್ರಿಕೆ ಸಾರಿತ್ತು. ಆಕೆ ಅತ್ತು ಮನೆಯಲ್ಲೇ ಉಳಿದಿದ್ದಳು. ಹಬ್ಬ ಮುಗಿದ ಮರುದಿನ ಅಣ್ಣ ಲಗಮಪ್ಪ ಉಂಡಿಯ ಡಬ್ಬಿಯೊಡನೆ ಅದೇ ದಾರಿಯಲ್ಲಿ ಚಕ್ಕಡಿ ಹೊಡೆದುಕೊಂಡು ಬಂದು, ಯಾವ ಹಳ್ಳ ಎಂದು ಕೇಳಿದ್ದ. ಗುರುಲಿಂಗಪ್ಪನವರು ಆಗ ಉಂಡಿ ತಿನ್ನುತ್ತಿದ್ದುದರಿಂದ ಉತ್ತರಿಸಿರಲಿಲ್ಲ. ಈಗ ಅವರು ಮತ್ತೆ ರುಮಾಲಿಗೆ ಕೈ ಹಾಕಿದರು.

ಕೆಂಚವ್ವ: ಅಧಿಕಾರ ಒಬ್ಬರ ಕೈಯಾಗ ಇದ್ರ ಕೆಡತೈತಿ ಅಂದಾವ ಯಾರು?

ಗುರುಲಿಂಗಪ್ಪ: ನಾನ.

ಕೆಂಚವ್ವ: ಈ ಮನ್ಯಾಗ ಓದೂದು ಒಬ್ಬನ ಕೈಯಾಗ ಐತಿ. ಅದಕ್ಕ ಕೆಟ್ಟೈತಿ. ಸಾಲಿ ಕಾಯಿದೆ ಖಾಯಂ.

ಸಂಜೆಯ ಕತ್ತಲಲ್ಲಿ ಹೆಂಗಸು ಒಬ್ಬಳೇ ಹೇಗೆ ಹೋಗಬೇಕೆಂದು ಗುರುಲಿಂಗಪ್ಪನವರು ಕೊನೆಯ ತಕರಾರು ಎತ್ತಿದರು.

ಚನ್ನವ್ವ: ಕಾಯಿದೆ ನಡಸೂದು ಯಾರ ಕೆಲಸ ಅಂದ್ರಿ?

ಮರುದಿನ ಮಧ್ಯಾಹ್ನ ತಾಟಿಗೆ ಹೀರೇಕಾಯಿ ಪಲ್ಯ ಬಂತು, ಅಧ್ಯಕ್ಷರು ತಡೆಯಲಿಲ್ಲ. ಸಂಜೆ ಮುಂದೆ ಕಂದೀಲು ಹಿಡಿದ ಗುರುಲಿಂಗಪ್ಪನವರು, ಹಿಂದೆ ಪಾಟಿ ಹಿಡಿದ ಚನ್ನವ್ವ ಮಠದ ಕಡೆಗೆ ನಡೆದರು. ಕಟ್ಟೆಯ ಮೇಲೆ ಕುಳಿತಿದ್ದ ನೆರೆಮನೆಯ ಶೆಟ್ಟೆಪ್ಪ, ಸಾವಕಾರರ ಸವಾರಿ ಎಲ್ಲಿಗೆಂದು ವಿಚಾರಿಸಿದ. ಗುರುಲಿಂಗಪ್ಪನವರು ಹೆಂಡತಿಯ ಕಡೆಗೆ ತಿರುಗಿ ಅಮೇರಿಕೆಯ ಮಾತು ತೆಗೆದರು.

ಗುರುಲಿಂಗಪ್ಪ: ಅಲ್ಲಿ ಅಧ್ಯಕ್ಷನ ಕೆಲಸ ನಾಲ್ಕ ವರ್ಷ ಅಷ್ಟ, ತಿಳೀತಿಲ್ಲೋ. ಆಮ್ಯಾಲೆ ಮತ್ತ ಆರಸಬೇಕು.

ಚನ್ನವ್ವ: ಆರಸೂಣಂತ್ರಿ. ಅಟ್ಟೊತ್ತಿಗೆ ನನಗ ಓದಾಕ ಬರತೈತಿ. ಯಾರು ಗೆದ್ರು ಅಂತ ಪತ್ರಿಕಾದಾಗ ನಾನ ಓದಿ ಹೇಳ್ತೇನಿ.